ಇನ್ನೊಂದು ಸಲ ಓದಿ ಆಮೇಲೆ ಟೆಸ್ಟ್ ಬರೆಯುತ್ತೇನೆ ಅನ್ನುವವರಿಗೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಗ ನನ್ನ ಮಂಚದ ಕೆಳಗೆ ಒಂದು ಖಾಕಿ ಲಕೋಟೆ ಇತ್ತು. ಅದರೊಳಗೆ 18 ಮಾದರಿ ಪ್ರಶ್ನೆಪತ್ರಿಕೆಗಳು. ಊರಿಂದ ಅಪ್ಪ ಕಳಿಸಿದ ದುಡ್ಡಿನಲ್ಲಿ ತಂದದ್ದು. ಲಕೋಟೆಯ ಬಾಯಿಗೆ ಹಚ್ಚಿದ್ದ ಟೇಪು 11 ತಿಂಗಳು ಹಾಗೇ ಇತ್ತು. ಭಾನುವಾರ ಕಸ ಗುಡಿಸುವಾಗ ಅದನ್ನು ಎತ್ತಿ ಮಂಚದ ಮೇಲಿಡುತ್ತಿದ್ದೆ. ಗುಡಿಸಿ ಆದ ಮೇಲೆ ಮತ್ತೆ ಅಲ್ಲೇ ತಳ್ಳುತ್ತಿದ್ದೆ.

ಹಾಗಂತ ನಾನು ಸುಮ್ನೆ ಕೂತಿರಲಿಲ್ಲ. ಬೆಳಿಗ್ಗೆ ಆರಕ್ಕೆ ರೀಡಿಂಗ್ ರೂಮಿಗೆ ಹೋದರೆ ರಾತ್ರಿ ಒಂಬತ್ತಕ್ಕೆ ವಾಪಸ್. ಇತಿಹಾಸದ ನೋಟ್ಸನ್ನು ಮೂರು ಸಲ ಬರೆದೆ. ಮೂರನೇ ಸಲ ತಲೆಬರಹಕ್ಕೆ ಕೆಂಪು ಪೆನ್ನು, ಇಸವಿಗಳಿಗೆ ಹಸಿರು. ಯಾರಾದರೂ ಆ ಮಾದರಿ ಟೆಸ್ಟ್ ಬಗ್ಗೆ ಕೇಳಿದರೆ ಒಂದೇ ಉತ್ತರ: "ಇನ್ನೊಂದು ರಿವಿಷನ್ ಆಗಲಿ, ಆಮೇಲೆ ಬರೀತೀನಿ." ಆ ಮಾತನ್ನು ನಾನು ನಿಜವಾಗಿಯೂ ನಂಬಿದ್ದೆ.

ಹಿಂದೆ ನಮ್ಮ ಕಡೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಆ ಲಕೋಟೆಯ ಮೇಲೆ ನಾನೂ ಕಾಣದ ಅಕ್ಷರದಲ್ಲಿ ಅದನ್ನೇ ಬರೆದಿದ್ದೆ ಅಂತ ಈಗ ಅನ್ನಿಸುತ್ತದೆ. ದೆವ್ವ ಒಳಗೆ ಬರಲಿಲ್ಲ, ನಿಜ. ಆದರೆ ಪ್ರತಿ ರಾತ್ರಿ ಬಾಗಿಲಿಗೆ ಬರುವುದನ್ನೂ ಬಿಡಲಿಲ್ಲ.

ಈಗ ಕೆಲಸದ ನಡುವೆ ಬಿಡುವಿದ್ದಾಗ ಕಿರಿಯರ ಉತ್ತರಪತ್ರಿಕೆ ತಿದ್ದಿಕೊಡುತ್ತೇನೆ. ಚೆನ್ನಾಗಿ ಓದುವ, ಆದರೆ ಬರೆಯುವುದನ್ನು ತಿಂಗಳುಗಟ್ಟಲೆ ಮುಂದಕ್ಕೆ ಹಾಕುವ ಮಕ್ಕಳು ಎಷ್ಟೋ ಜನ ಸಿಗುತ್ತಾರೆ. ಅವರು ಸೋಮಾರಿಗಳಲ್ಲ. ಸೋಮಾರಿಯಾದವನು ನೋಟ್ಸಿನ ಪುಟಕ್ಕೆ ಮೂರು ಬಣ್ಣ ಹಚ್ಚುತ್ತಾ ಕೂರುವುದಿಲ್ಲ. ಅವರಿಗೆ ಸೋಲಿನ ಹೆದರಿಕೆ. ಅದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಮೊದಲ ಸೋಲನ್ನು ನಾವೇ ಬೇಗ ಕರೆದು ತರಬೇಕು. ಅದು ಸಣ್ಣದಾಗಿರಬೇಕು, ಯಾರೂ ನೋಡದ ಜಾಗದಲ್ಲಿ ಆಗಬೇಕು. ಅದನ್ನು ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತೇನೆ. ಕೆಎಎಸ್, ಐಎಎಸ್, ಪಿಡಿಒ, ಎಫ್‌ಡಿಎ ಇಂಥ ಯಾವ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದರೂ ಇದು ಹೊಂದುತ್ತದೆ.

ಮುಂದಕ್ಕೆ ಹಾಕುತ್ತಿರುವುದು ಏನನ್ನು?

"ಓದನ್ನು ಮುಂದೂಡುತ್ತಿದ್ದೇನೆ" ಅಂದರೆ ಸಾಲದು. ಯಾವುದನ್ನು ಅಂತ ಖಚಿತವಾಗಿ ಹೇಳಬೇಕು. ಒಂದು ಗುರುತು ಹೇಳುತ್ತೇನೆ. ಓದುವುದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಟೆಸ್ಟಿಗೆ ಅಂಕ ಇದೆ. ಬರೆದ ಉತ್ತರವನ್ನು ಇನ್ನೊಬ್ಬರು ನೋಡಿ ತಪ್ಪು ಹುಡುಕಬಹುದು. ಅಂಕ ಬರುವ, ಇನ್ನೊಬ್ಬರ ಕಣ್ಣಿಗೆ ಬೀಳುವ ಕೆಲಸ ಯಾವುದೋ, ಹೆದರಿಕೆ ಕೂತಿರುವುದು ಅಲ್ಲೇ.

ಮೂರು ದಿನ ಒಂದು ಸಣ್ಣ ಪಾಕೆಟ್ ಡೈರಿ ಇಟ್ಟುಕೊಳ್ಳಿ. ಬರೆಯಬೇಕು ಅಂತ ಕೂತು ಬೇರೆ ಏನೋ ಮಾಡಲು ಎದ್ದಾಗಲೆಲ್ಲ ಒಂದು ಸಾಲು ಬರೆಯಿರಿ. ಹೊತ್ತು, ಮಾಡಬೇಕಿದ್ದದ್ದು, ಮಾಡಿದ್ದು, ಅಷ್ಟೇ. ತಿದ್ದಿಕೊಳ್ಳಲು ಹೋಗಬೇಡಿ, ಬೈದುಕೊಳ್ಳಲೂ ಬೇಡಿ. ಒಬ್ಬ ಹುಡುಗ ಬರೆದು ತಂದದ್ದು ಹೀಗಿತ್ತು: "ಬೆಳಿಗ್ಗೆ 10.20, ಅರ್ಥಶಾಸ್ತ್ರ ಟೆಸ್ಟ್, ಹೊಸ ಟೈಮ್‌ಟೇಬಲ್ ಹಾಕಿದೆ. ಮಧ್ಯಾಹ್ನ 3.00, ಅದೇ ಟೆಸ್ಟ್, ಟಾಪರ್ ಒಬ್ಬರ ವಿಡಿಯೊ ನೋಡಿದೆ. ಸಂಜೆ 6.40, ಅದೇ ಟೆಸ್ಟ್, ಪೆನ್ನು ತರಲು ಅಂಗಡಿಗೆ ಹೋದೆ." ಟೈಮ್‌ಟೇಬಲ್ಲು, ವಿಡಿಯೊ, ಪೆನ್ನು ಎಲ್ಲವೂ ಓದಿಗೆ ಸಂಬಂಧಪಟ್ಟವೇ. ಅದಕ್ಕೇ ಅವನಿಗೆ ತಾನು ತಪ್ಪಿಸಿಕೊಳ್ಳುತ್ತಿದ್ದೇನೆ ಅಂತ ಅನ್ನಿಸಿರಲಿಲ್ಲ. ಡೈರಿಯಲ್ಲಿ 'ಅದೇ ಟೆಸ್ಟ್' ಅಂತ ತನ್ನ ಕೈಯಲ್ಲೇ ಬರೆದದ್ದು ನೋಡಿದ ಮೇಲೆ ಗೊತ್ತಾಯಿತು.

ನಮ್ಮಲ್ಲಿ ಇನ್ನೊಂದು ನೆಪ ಇದೆ. "ಅಧಿಸೂಚನೆ ಬರಲಿ." ಅಧಿಸೂಚನೆ ಬಂದ ಮೇಲೆ "ದಿನಾಂಕ ಮುಂದೆ ಹೋಗುತ್ತದಂತೆ." ದಿನಾಂಕಗಳು ಮುಂದೆ ಹೋಗುವುದೂ ಉಂಟು, ಸುಳ್ಳಲ್ಲ. ಆದರೆ ಹತ್ತು ಪ್ರಶ್ನೆ ಬಿಡಿಸಲು ಯಾವ ಅಧಿಸೂಚನೆಯೂ ಬೇಕಿಲ್ಲ, ಅಲ್ವಾ?

ಹೆದರಿಕೆಯನ್ನು ಕೊನೆಯ ತನಕ ಬರೆಯಿರಿ

1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಬಗ್ಗೆ ಬರೆದರು. ಕೆಲವು ವಿದ್ಯಾರ್ಥಿಗಳಿಗೆ ಬಿಡಿಸಲು ಆಗದಂಥ ಪ್ರಶ್ನೆಗಳನ್ನು ಕೊಟ್ಟು, ಆಮೇಲೆ "ತುಂಬಾ ಚೆನ್ನಾಗಿ ಮಾಡಿದಿರಿ" ಎಂದು ಹೊಗಳಿದರು. ಆ ಹೊಗಳಿಕೆ ಹೇಗೆ ಬಂತೆಂದು ಅವರಿಗೇ ಗೊತ್ತಿಲ್ಲ. ಎರಡನೇ ಪರೀಕ್ಷೆಗೆ ಮುಂಚೆ ಎರಡು ಮಾತ್ರೆಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರು. ಒಂದು ಬುದ್ಧಿ ಚುರುಕಾಗಿಸುತ್ತದೆ, ಇನ್ನೊಂದು ಮಂಕಾಗಿಸುತ್ತದೆ ಎಂದು ಹೇಳಿದ್ದರು. ಗಂಡು ಹುಡುಗರಲ್ಲಿ ತುಂಬಾ ಜನ ಮಂಕಾಗಿಸುವುದನ್ನೇ ಆರಿಸಿದರು. ಈ ಸಲ ಅಂಕ ಇಳಿದರೆ ತಪ್ಪು ಮಾತ್ರೆಯದ್ದಾಗುತ್ತದೆ, ತಮ್ಮದಲ್ಲ.

ಟೆಸ್ಟ್ ಬರೆಯದೇ ನಿಜವಾದ ಪರೀಕ್ಷೆಗೆ ಹೋಗುವುದೂ ಅಂಥದ್ದೇ ಮಾತ್ರೆ. ಫೇಲಾದರೆ "ಟೆಸ್ಟ್ ಬರೆದಿರಲಿಲ್ಲ, ಬರೆದಿದ್ದರೆ ಪಾಸಾಗುತ್ತಿದ್ದೆ" ಅನ್ನಬಹುದು. ನಾನು ಜಾಣ ಅನ್ನುವ ನಂಬಿಕೆ ಉಳಿಯುತ್ತದೆ. ವರ್ಷ ಹೋಗುತ್ತದೆ.

ಇದನ್ನು ಬಿಡಿಸಲು ಒಂದು ಹಾಳೆ ಸಾಕು. ಮೇಲೆ ಬರೆಯಿರಿ: "ಟೆಸ್ಟಲ್ಲಿ ಕಡಿಮೆ ಬಂದರೆ ಏನಾಗುತ್ತದೆ?" ಉತ್ತರದ ಕೆಳಗೆ "ಆಮೇಲೆ?" ಅಂತ ಬರೆದು ಅದಕ್ಕೂ ಉತ್ತರ ಬರೆಯಿರಿ. ಇನ್ನು ಮುಂದೆ ಏನೂ ತೋಚದು ಅನ್ನುವ ತನಕ ಹೋಗಿ. ಕೊಪ್ಪಳದ ಕಡೆಯ ಒಬ್ಬ ಹುಡುಗಿ ನನ್ನೆದುರು ಕೂತು ಬರೆದ ಹಾಳೆ ಇನ್ನೂ ನೆನಪಿದೆ.

"ನನಗೆ ಏನೂ ಬರುವುದಿಲ್ಲ ಅಂತ ಗೊತ್ತಾಗುತ್ತದೆ."
ಆಮೇಲೆ?
"ರೂಮಿನವರಿಗೂ ಗೊತ್ತಾಗುತ್ತದೆ."
ಆಮೇಲೆ?
"ಊರಿಗೆ ಹೋಗಬೇಕಾಗುತ್ತದೆ."
ಆಮೇಲೆ?

ಅಲ್ಲಿ ಅವಳು ಪೆನ್ನು ಕೆಳಗಿಟ್ಟಳು. "ಅಪ್ಪ ಸೊಸೈಟ್ಯಾಗ ಸಾಲ ತಗದಾನ ಅಣ್ಣಾ. ಅವಂಗ ಏನಂತ ಹೇಳ್ಲಿ?" ಅಂದಳು.

ಅವಳು ಹೆದರಿದ್ದು ಟೆಸ್ಟಿಗೆ ಅಲ್ಲವೇ ಅಲ್ಲ. ನೂರಾರು ಕಿಲೋಮೀಟರ್ ದೂರದಲ್ಲಿ ಹೊಲದಲ್ಲಿ ನಿಂತಿರುವ ಒಬ್ಬ ಮನುಷ್ಯನ ಮುಖಕ್ಕೆ. ಆ ಮುಖವನ್ನು ಅವಳು ಪ್ರತಿ ಪ್ರಶ್ನೆಪತ್ರಿಕೆಯ ಮೇಲೂ ಅಂಟಿಸಿಕೊಂಡಿದ್ದಳು. ಅಂಥ ಪತ್ರಿಕೆಯನ್ನು ಯಾರು ತಾನೇ ಬಿಚ್ಚುತ್ತಾರೆ?

ಹಾಳೆ ಮುಗಿದ ಮೇಲೆ ಕೆಂಪು ಪೆನ್ನು ತೆಗೆದುಕೊಳ್ಳಿ. ರೂಮಿನಲ್ಲಿ ಕೂತು ಬರೆಯುವ ಒಂದು ಟೆಸ್ಟಿನಿಂದ ನಿಜವಾಗಿಯೂ ಆಗುವುದು ಎಷ್ಟು ಸಾಲೋ ಅಷ್ಟಕ್ಕೆ ಮಾತ್ರ ಗೆರೆ ಎಳೆಯಿರಿ. ಅವಳ ಹಾಳೆಯಲ್ಲಿ ಮೊದಲ ಸಾಲಿನ ಅರ್ಧಕ್ಕೆ ಮಾತ್ರ ಗೆರೆ ಬಿತ್ತು. 'ಏನೂ ಬರುವುದಿಲ್ಲ' ಅನ್ನುವುದನ್ನು ಹೊಡೆದು 'ಯಾವುದು ಬರುವುದಿಲ್ಲ ಅಂತ ಗೊತ್ತಾಗುತ್ತದೆ' ಎಂದು ಬರೆದಳು. ಉಳಿದದ್ದೆಲ್ಲ ಟೆಸ್ಟಿಗೆ ಸೇರಿದ್ದೇ ಅಲ್ಲ.

ನಿಜವಾದ ಲೆಕ್ಕ ಇರುವುದು ಬೇರೆ ಕಡೆ. ಐಎಎಸ್ಸಿಗೆ ಬರೆಯುವ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯನ್ನು ಸಾಮಾನ್ಯ ವರ್ಗದವರು 32 ವರ್ಷದೊಳಗೆ 6 ಸಲ ಬರೆಯಬಹುದು. ಒಬಿಸಿಯವರಿಗೆ 35 ವರ್ಷ, 9 ಸಲ. ಪರಿಶಿಷ್ಟ ಜಾತಿ, ಪಂಗಡದವರಿಗೆ 37 ವರ್ಷದವರೆಗೆ ಸಲಗಳ ಮಿತಿಯಿಲ್ಲ. ಅರ್ಜಿ ಹಾಕಿ ಸುಮ್ಮನಿದ್ದರೆ ಅದು ಲೆಕ್ಕಕ್ಕಿಲ್ಲ. ಪ್ರಿಲಿಮ್ಸಿನ, ಅಂದರೆ ಮೊದಲ ಹಂತದ, ಒಂದು ಪತ್ರಿಕೆಗೆ ಕೂತರೂ ಒಂದು ಅಟೆಂಪ್ಟ್ ಹೋಯಿತು. ಅಳುಕುವುದಾದರೆ ಅಲ್ಲಿ ಅಳುಕಬೇಕು. ಮಂಚದ ಕೆಳಗಿನ ಪತ್ರಿಕೆಯನ್ನು ನೂರು ಸಲ ಬರೆದರೂ ಯಾವ ಕಡತದಲ್ಲೂ ಅದು ದಾಖಲಾಗುವುದಿಲ್ಲ.

ಮೊದಲ ಟೆಸ್ಟು ಬಾಗಿಲು ಹಾಕಿಕೊಂಡು

ಇದೇ ಮುಖ್ಯ ಭಾಗ. ಬೇರೆಲ್ಲ ಬಿಟ್ಟರೂ ಇದೊಂದನ್ನು ಮಾಡಿ.

ನೂರು ಪ್ರಶ್ನೆಯ ಪತ್ರಿಕೆ ಬೇಡ. ಹತ್ತು ಪ್ರಶ್ನೆ ಸಾಕು. ದುಡ್ಡು ಕೊಟ್ಟು ತರಬೇಕಿಲ್ಲ, ಹಳೇ ಪ್ರಶ್ನೆಪತ್ರಿಕೆಗಳು ಆಯೋಗಗಳ ವೆಬ್‌ಸೈಟಿನಲ್ಲೇ ಸಿಗುತ್ತವೆ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ್ದೇ ಹತ್ತು ಪ್ರಶ್ನೆ ಆರಿಸಿ. ಮೊದಲ ದಿನ ಪುಸ್ತಕ ತೆರೆದಿಟ್ಟುಕೊಂಡೇ ಉತ್ತರಿಸಿ. ಗಡಿಯಾರ ಬೇಡ. ಅಂಕ ಹಾಕಿಕೊಳ್ಳಬೇಡಿ. ಇದು ಟೆಸ್ಟೇ ಅಲ್ಲ ಅಂತ ಯಾರಾದರೂ ಅನ್ನಬಹುದು. ಅನ್ನಲಿ. ಪ್ರಶ್ನೆಪತ್ರಿಕೆ ಕಂಡರೆ ಕೈ ಹಿಂದಕ್ಕೆ ಹೋಗುವ ಅಭ್ಯಾಸವನ್ನು ಬಿಡಿಸಲು ಇಷ್ಟು ಸಾಕು. ಎರಡನೇ ದಿನ ಪುಸ್ತಕ ಮುಚ್ಚಿ. ಮೂರನೇ ದಿನ ಗಡಿಯಾರ ಇಡಿ. ನಾಲ್ಕನೇ ದಿನ ಅಂಕ ಹಾಕಿ. ಒಂದೊಂದೇ ಮೆಟ್ಟಿಲು.

ಮೇನ್ಸ್‌ಗೆ (ಉತ್ತರ ವಿವರವಾಗಿ ಬರೆಯುವ ಎರಡನೇ ಹಂತಕ್ಕೆ) ಓದುವವರು ಒಂದೇ ಒಂದು ಪ್ರಶ್ನೆ ತೆಗೆದುಕೊಳ್ಳಿ. 10 ಅಂಕದ್ದು, 150 ಪದದ್ದು. ನಾಗರಿಕ ಸೇವಾ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ 3 ಗಂಟೆಗೆ 20 ಪ್ರಶ್ನೆ. ಅಂದರೆ ಸರಾಸರಿ 9 ನಿಮಿಷಕ್ಕೆ ಒಂದು. ಈಗ ಆ 9 ನಿಮಿಷದ ಯೋಚನೆ ಬೇಡ. ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಕೆಟ್ಟ ಉತ್ತರ ಬರೆಯಲು ನಿಮಗೆ ನೀವೇ ಅನುಮತಿ ಕೊಡಿ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಿ: "ಇವತ್ತು ನಾನು ಒಂದು ಕೆಟ್ಟ ಉತ್ತರ ಬರೆಯುತ್ತೇನೆ." ಒಳ್ಳೆಯದನ್ನೇ ಬರೆಯಬೇಕು ಅಂತ ಕೂತಾಗ ಮೊದಲ ಸಾಲೇ ಹುಟ್ಟುವುದಿಲ್ಲ.

ನಾನು ಬರೆದ ಮೊದಲ ಉತ್ತರ ಪಂಚಾಯತಿಗಳಿಗೆ ಸಂಬಂಧಪಟ್ಟ ಸಂವಿಧಾನದ 73ನೇ ತಿದ್ದುಪಡಿಯ ಬಗ್ಗೆ. ಆ ಅಧ್ಯಾಯವನ್ನು ಮೂರು ಸಲ ಓದಿದ್ದೆ. 1992ರ ತಿದ್ದುಪಡಿ, 1993ರ ಏಪ್ರಿಲ್ 24ರಂದು ಜಾರಿ, 11ನೇ ಅನುಸೂಚಿ, 29 ವಿಷಯ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಮುಗಿಸಿದೆ. ಪ್ರಶ್ನೆ ಕೇಳಿದ್ದು ಮಾತ್ರ ಗ್ರಾಮಸಭೆಗಳು ಯಾಕೆ ಸರಿಯಾಗಿ ನಡೆಯುತ್ತಿಲ್ಲ ಅಂತ. ಪೆನ್ನು ನಿಂತುಬಿಟ್ಟಿತು. ನಮ್ಮೂರಿನ ಗ್ರಾಮಸಭೆಗೆ ನಾನೇ ಹೋಗಿದ್ದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಅರ್ಧ ಗಂಟೆಯಲ್ಲಿ ಜನ ಎದ್ದು ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಹೆಂಗಸರು ಗುಡಿಯ ಕಟ್ಟೆಯ ಆಚೆಗೇ ನಿಂತದ್ದು ನೆನಪಿತ್ತು. ಆದರೆ ಅದನ್ನೆಲ್ಲ ಉತ್ತರದಲ್ಲಿ ತರಬಹುದು ಅಂತ ತಲೆಗೇ ಬಂದಿರಲಿಲ್ಲ. ನನಗೆ ಗೊತ್ತಿಲ್ಲದ್ದು ಇಸವಿಗಳಲ್ಲ, ಗೊತ್ತಿರುವುದನ್ನು ಪ್ರಶ್ನೆಗೆ ತಕ್ಕಂತೆ ತಿರುಗಿಸಿ ಹೇಳುವುದು. ಇದು ನಾಲ್ಕನೇ ರಿವಿಷನ್ನಿನಲ್ಲಿ ಗೊತ್ತಾಗುತ್ತಿರಲಿಲ್ಲ. ನಲವತ್ತನೆಯದರಲ್ಲೂ ಗೊತ್ತಾಗುತ್ತಿರಲಿಲ್ಲ.

ಅದೇ ರಾತ್ರಿ ಆ ಅಧ್ಯಾಯವನ್ನು ಮತ್ತೆ ತೆಗೆದೆ. ಈ ಸಲ ಓದುವ ರೀತಿಯೇ ಬೇರೆಯಾಗಿತ್ತು. ಕಣ್ಣು ತಾನಾಗಿ ಹುಡುಕುತ್ತಿತ್ತು.

ಇದಕ್ಕೆ ಒಳ್ಳೆಯ ಪುರಾವೆ ಇದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40, ಬರೆದವರಿಗೆ ಸುಮಾರು ಶೇ 61. ಇನ್ನೊಂದು ವಿಷಯ: ನನಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಜಾಸ್ತಿ ಇದ್ದದ್ದು ಬರೀ ಓದಿದವರಿಗೇ.

ಹಾಗಾಗಿ "ಓದಿ ಮುಗಿಸಿ ಆಮೇಲೆ ಟೆಸ್ಟ್" ಅನ್ನುವ ಕ್ರಮವೇ ತಪ್ಪು. ಟೆಸ್ಟ್ ಅನ್ನುವುದು ಓದಿನ ಒಂದು ಭಾಗ, ಅದೂ ಗಟ್ಟಿ ಭಾಗ. ಅದನ್ನು ಮುಂದಕ್ಕೆ ಹಾಕಿದಾಗ ಓದನ್ನೇ ಮುಂದಕ್ಕೆ ಹಾಕಿದಂತಾಯಿತು. ನೀರಿಗೆ ಇಳಿಯದೆ ಈಜು ಬಾರದು ಅನ್ನುವುದನ್ನು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಬರೆದ ಹಾಳೆಯನ್ನು ಹರಿಯಬೇಡಿ. ಮೇಲೆ ದಿನಾಂಕ ಹಾಕಿ ಫೈಲಿನಲ್ಲಿಡಿ. ಎರಡು ತಿಂಗಳ ನಂತರ ಆ ಫೈಲು ನಿಮಗೆ ಕೊಡುವ ಧೈರ್ಯವನ್ನು ಯಾವ ಟಾಪರ್ ಭಾಷಣವೂ ಕೊಡುವುದಿಲ್ಲ.

ಹೊತ್ತು, ಜಾಗ, ಮೊದಲ ಅಲುಗಾಟ

"ನಾಳೆ ಬರೆಯುತ್ತೇನೆ" ಅನ್ನುವುದಕ್ಕೂ "ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತು ಹತ್ತು ಪ್ರಶ್ನೆ ಬಿಡಿಸುತ್ತೇನೆ" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಇಂಥದ್ದಾದ ಕೂಡಲೇ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಟ್ಟವರು ಕೆಲಸ ಶುರು ಮಾಡುವುದು ಜಾಸ್ತಿ. ಆ ಗಳಿಗೆಯಲ್ಲಿ ಯೋಚನೆ ಮಾಡಬೇಕಾಗಿಲ್ಲವಲ್ಲ. ಯೋಚಿಸಲು ಕೂತರೆ ಹೆದರಿಕೆ ಗೆಲ್ಲುತ್ತದೆ.

ಹೆದರಿಕೆಗೂ ಒಂದು ಗಂಟು ಹಾಕಿಡಿ. "ಎದೆ ಡವಡವ ಅಂದರೆ ಮೊದಲ ಪ್ರಶ್ನೆಯನ್ನು ಜೋರಾಗಿ ಓದುತ್ತೇನೆ." ಬಾಯಿಗೆ ಕೆಲಸ ಕೊಟ್ಟರೆ ಕೈ ತಾನಾಗಿ ಬರುತ್ತದೆ. ರಾತ್ರಿಯೇ ಪ್ರಶ್ನೆಪತ್ರಿಕೆ, ಹಾಳೆ, ಪೆನ್ನು ಟೇಬಲ್ಲಿನ ಮೇಲೆ ತೆರೆದಿಡಿ. ಫೋನು ಬೇರೆ ಕೋಣೆಯಲ್ಲಿರಲಿ, ಇಲ್ಲವೇ ಪಕ್ಕದ ರೂಮಿನವರ ಹತ್ತಿರ ಕೊಡಿ. 25 ನಿಮಿಷ ಬರೆದು 5 ನಿಮಿಷ ಎದ್ದು ಓಡಾಡಿ. ಇದಕ್ಕಿಂತ ದೊಡ್ಡ ಏರ್ಪಾಡು ಬೇಡ. ಏರ್ಪಾಡು ಮಾಡುವುದೇ ಹೊಸ ನೆಪವಾಗಿಬಿಡುತ್ತದೆ.

ಅಂಕವನ್ನು ಓದುವುದೂ ಕಲಿಯಬೇಕು

ಕಡಿಮೆ ಅಂಕ ಬಂದ ದಿನವೇ ತುಂಬಾ ಜನ ಮತ್ತೆ ಲಕೋಟೆ ಮುಚ್ಚುತ್ತಾರೆ. ಮೊತ್ತ ನೋಡುತ್ತಾರೆ, ಪತ್ರಿಕೆ ನೋಡುವುದಿಲ್ಲ. ಒಂದು ಲೆಕ್ಕ ತೋರಿಸುತ್ತೇನೆ.

ನಾಗರಿಕ ಸೇವಾ ಪ್ರಿಲಿಮ್ಸಿನ ಸಾಮಾನ್ಯ ಅಧ್ಯಯನ ಪತ್ರಿಕೆ ಅಂದುಕೊಳ್ಳಿ. 100 ಪ್ರಶ್ನೆ, 200 ಅಂಕ, 2 ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ನೀವು 84 ಬರೆದಿರಿ. 48 ಸರಿ, 36 ತಪ್ಪು. ಸರಿ ಉತ್ತರಕ್ಕೆ 96, ತಪ್ಪಿಗೆ ಕಳೆದದ್ದು 24. ಉಳಿದದ್ದು 72. ಎದೆ ಒಡೆಯುತ್ತದೆ, ನನಗೆ ಗೊತ್ತು.

ಈಗ ಆ 36 ತಪ್ಪುಗಳನ್ನು ಮೂರು ಕಾಲಮ್ಮಿನಲ್ಲಿ ಬರೆಯಿರಿ. ಮೊದಲನೆಯದು, ನಿಜಕ್ಕೂ ಓದಿರದ ವಿಷಯ. ಎರಡನೆಯದು, ಗೊತ್ತಿದ್ದೂ ತಪ್ಪಿದ್ದು. 'ಯಾವುದು ಸರಿಯಲ್ಲ' ಎಂದು ಕೇಳಿದ್ದನ್ನು 'ಯಾವುದು ಸರಿ' ಎಂದು ಓದಿರುತ್ತೀರಿ. ಮೂರನೆಯದು, ಕಣ್ಣು ಮುಚ್ಚಿ ಗುಂಡು ಹಾಕಿದ್ದು. ಕ್ರಮವಾಗಿ 14, 9, 13 ಬಂತು ಅಂದುಕೊಳ್ಳೋಣ.

ಎರಡನೇ ಕಾಲಮ್ಮಿನ 9 ಪ್ರಶ್ನೆ ಸರಿ ಮಾಡಿದ್ದರೆ ಅವುಗಳಿಗೆ 18 ಅಂಕ ಬರುತ್ತಿತ್ತು, ಕಳೆದ 6 ಉಳಿಯುತ್ತಿತ್ತು. ಒಟ್ಟು 24 ಜಾಸ್ತಿ. 72 ಹೋಗಿ 96 ಆಯಿತು. ಗುಂಡು ಹಾಕಿದ 13ನ್ನು ಖಾಲಿ ಬಿಟ್ಟಿದ್ದರೆ ಇನ್ನೂ ಎಂಟೂವರೆ ಅಂಕಕ್ಕಿಂತ ಹೆಚ್ಚು ಉಳಿಯುತ್ತಿತ್ತು. ಸುಮಾರು 105. ಒಂದು ಹೊಸ ಪುಸ್ತಕವನ್ನೂ ಓದದೆ 33 ಅಂಕದ ವ್ಯತ್ಯಾಸ. ಓದಬೇಕಾಗಿರುವುದು 14 ಪ್ರಶ್ನೆಯ ವಿಷಯ ಮಾತ್ರ.

72 ಅನ್ನುವ ಅಂಕಿ ನಿಮ್ಮ ಬಗ್ಗೆ ತೀರ್ಪು ಹೇಳುತ್ತದೆ ಅಂತ ಮೊದಲು ಅನ್ನಿಸಿತ್ತು. ಕಾಲಮ್ಮು ಹಾಕಿದ ಮೇಲೆ ಅದು ಮುಂದಿನ ವಾರದ ಕೆಲಸದ ಪಟ್ಟಿ ಆಗುತ್ತದೆ. ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ: ಕಾಲಮ್ಮು ಹಾಕುವ ತನಕ ಮೊತ್ತವನ್ನು ಕೂಡಬಾರದು. ಯಾರ ಅಂಕವನ್ನೂ ಕೇಳಬಾರದು, ನಿಮ್ಮದನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಲೂ ಬಾರದು. ಮೊದಲ ಐದು ಟೆಸ್ಟು ಮುಗಿಯುವವರೆಗಂತೂ ಬೇಡವೇ ಬೇಡ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿ ಒಂದು ಮಾತು. ನಿಮ್ಮಲ್ಲಿ ಕೆಲವರು ಮೇನ್ಸ್ ಉತ್ತರ ಬರೆಯಲು ಹಿಂಜರಿಯುವುದು ಇಂಗ್ಲಿಷಿನಿಂದಾಗಿ. ನಾಗರಿಕ ಸೇವಾ ಪರೀಕ್ಷೆಯ ಮೇನ್ಸಿನಲ್ಲಿ ಸಾಮಾನ್ಯ ಅಧ್ಯಯನವನ್ನೂ ಪ್ರಬಂಧವನ್ನೂ ಕನ್ನಡದಲ್ಲೇ ಬರೆಯಬಹುದು. ಕಡ್ಡಾಯ ಇಂಗ್ಲಿಷ್ ಪತ್ರಿಕೆ 300 ಅಂಕದ್ದು, ಅದರಲ್ಲಿ ಬೇಕಿರುವುದು ಶೇ 25, ಅಂದರೆ 75. ರ‍್ಯಾಂಕಿಗೆ ಆ ಅಂಕ ಸೇರುವುದೂ ಇಲ್ಲ. ಹಳೇ ಪತ್ರಿಕೆ ಒಂದನ್ನು ಇವತ್ತೇ ತೆಗೆದು ನೋಡಿ. ನೀವು ಮನಸ್ಸಿನಲ್ಲಿ ಬೆಳೆಸಿಕೊಂಡಿರುವ ಇಂಗ್ಲಿಷಿಗಿಂತ ಆ ಪತ್ರಿಕೆಯ ಇಂಗ್ಲಿಷು ಚಿಕ್ಕದು.

ಮನೆಯ ಫೋನು

ಸಂಜೆ ಏಳಕ್ಕೆ ಊರಿಂದ ಫೋನು ಬರುತ್ತದೆ. "ಊಟ ಆಯ್ತೇನಪ್ಪ? ಓದು ಹೆಂಗ ನಡದದ?" ನಾವು "ಚಲೋ ನಡದದ" ಅನ್ನುತ್ತೇವೆ. ಅಷ್ಟು ಹೇಳಿ ಫೋನು ಇಟ್ಟ ಮೇಲೆ ಎದೆಯ ಮೇಲೆ ಒಂದು ಕಲ್ಲು. 'ಚಲೋ ನಡದದ' ಅನ್ನುವ ಮಾತನ್ನು ಕಾಪಾಡಲಿಕ್ಕಾಗಿಯೇ ಟೆಸ್ಟಿನಿಂದ ಇನ್ನೂ ದೂರ ಹೋಗುತ್ತೇವೆ.

ಆ ಉತ್ತರವನ್ನು ಬದಲಾಯಿಸಿ. ಆಗುತ್ತೋ ಇಲ್ವೋ ಎಂಬ ಮಾತು ಬಿಟ್ಟು ಮಾಡಿದ ಕೆಲಸ ಹೇಳಿ. "ಈ ವಾರ ಮೂರು ಟೆಸ್ಟ್ ಬರೆದೆ ಅಪ್ಪ. ಒಂದರಲ್ಲಿ ಕಡಿಮೆ ಬಂತು. ಭೂಗೋಳ ಮತ್ತೆ ಓದಬೇಕು." ಕೊಪ್ಪಳದ ಹುಡುಗಿಗೆ ಇದನ್ನು ಹೇಳಿಸಲು ನನಗೆ ಎರಡು ವಾರ ಬೇಕಾಯಿತು. ಕೊನೆಗೆ ಹೇಳಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಕೇಳಿದ್ದು ಇಷ್ಟೇ: "ಭೂಗೋಳಕ್ಕ ಬ್ಯಾರೆ ಪುಸ್ತಕ ಬೇಕೇನವ್ವಾ?"

ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಬೈಯುವ ಅಪ್ಪಂದಿರೂ ಇದ್ದಾರೆ. ಮದುವೆಗೆ ಗಡುವು ಇಟ್ಟು ಹೆಣ್ಣುಮಕ್ಕಳನ್ನು ಓದಲು ಕಳಿಸಿರುವ ಮನೆಗಳಿವೆ. ಅಲ್ಲಿ ಹೆದರಿಕೆಗೆ ನಿಜವಾದ ಕಾರಣ ಇದೆ. ಅಂಥವರು ಮನೆಯವರಿಗೇ ಹೇಳಬೇಕೆಂದಿಲ್ಲ. ನಂಬುವಂಥ ಒಬ್ಬರು ಸಾಕು. ಹಳೆಯ ಮೇಷ್ಟ್ರು, ಅಕ್ಕ, ರೂಮಿನ ಗೆಳತಿ. ವಾರಕ್ಕೊಮ್ಮೆ ಅವರಿಗೆ ಎಷ್ಟು ಬರೆದೆ ಅಂತ ಹೇಳಿ, ಎಷ್ಟು ಅಂಕ ಅಂತ ಬೇಡ.

ಇನ್ನೊಂದು ಮಾತು. "ಎರಡನೇ ದಾರಿ ಇಟ್ಟುಕೊಂಡರೆ ಗಮನ ಹೋಗುತ್ತದೆ" ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದೊಂದೇ ದಾರಿ ಅಂದುಕೊಂಡಾಗಲೇ ಪ್ರತಿ ಟೆಸ್ಟೂ ನೇಣಿನಂತೆ ಕಾಣುವುದು. ಇಂಥ ವರ್ಷದವರೆಗೆ ಓದುತ್ತೇನೆ, ಅಲ್ಲಿಯವರೆಗೆ ಇಂಥ ಸಣ್ಣ ಪರೀಕ್ಷೆಗಳನ್ನೂ ಬರೆಯುತ್ತೇನೆ, ಆಗದಿದ್ದರೆ ಬಿ.ಎಡ್ ಮಾಡುತ್ತೇನೆ ಅಥವಾ ಇಂಥ ಕೆಲಸಕ್ಕೆ ಹೋಗುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಹಾಳೆ ಅಲ್ಲಿದೆ ಅಂತ ಗೊತ್ತಿದ್ದರೆ ಪ್ರಶ್ನೆಪತ್ರಿಕೆ ಬರೀ ಪ್ರಶ್ನೆಪತ್ರಿಕೆಯಾಗಿ ಕಾಣುತ್ತದೆ.

ತಪ್ಪಿದ ದಿನ

ತಪ್ಪುತ್ತದೆ. ಶುರುಮಾಡಿದ ನಾಲ್ಕನೇ ದಿನವೋ ಒಂಬತ್ತನೇ ದಿನವೋ ಮತ್ತೆ ಟೇಬಲ್ಲಿನಿಂದ ಎದ್ದು ಹೋಗುತ್ತೀರಿ. ಆ ರಾತ್ರಿ ನಿಮ್ಮನ್ನು ನೀವು ಹೇಗೆ ಮಾತಾಡಿಸಿಕೊಳ್ಳುತ್ತೀರಿ ಅನ್ನುವುದರ ಮೇಲೆ ಮರುದಿನ ನಿಂತಿದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದವರಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಮುಂದೂಡುವುದು ಕಡಿಮೆಯಾಗಿತ್ತು. ನಾವು ಬೈದುಕೊಂಡರೆ ಬುದ್ಧಿ ಬರುತ್ತದೆ ಎಂದು ನಂಬಿ ಬೆಳೆದವರು. ಬೈದುಕೊಂಡಷ್ಟೂ ಆ ಟೇಬಲ್ಲಿನ ಹತ್ತಿರ ಹೋಗುವುದು ಕಷ್ಟವಾಗುತ್ತದೆ. ಡೈರಿಯಲ್ಲಿ "ಇವತ್ತು ಆಗಲಿಲ್ಲ, ನಾಳೆ ಐದು ಪ್ರಶ್ನೆ" ಎಂದು ಬರೆದು ಮಲಗಿ. ಹತ್ತಲ್ಲ, ಐದು. ತಪ್ಪಿದ ಮರುದಿನ ಕೆಲಸ ಅರ್ಧವಾಗಬೇಕು, ಎರಡರಷ್ಟಾಗಬಾರದು.

ಆದರೆ ಕೆಲವರಿಗೆ ಇದು ಮುಂದೂಡುವುದರಲ್ಲೇ ನಿಲ್ಲುವುದಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ರೂಮಿನಿಂದ ಹೊರಗೆ ಬರಲು ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ. ಆಗ ಈ ಹಾಳೆ, ಕಾಲಮ್ಮು ಯಾವುದೂ ಬೇಡ. 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ತೊಂದರೆ ನೋಡುವ ಸರ್ಕಾರಿ ಆಸ್ಪತ್ರೆಗಳೂ ಇವೆ: ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್. ನಿಮ್ಮ ರೂಮಿನವರು ಹೀಗಿದ್ದರೆ ಅವರೇ ಹೋಗಲಿ ಅಂತ ಕಾಯಬೇಡಿ, ಜೊತೆಗೆ ಹೋಗಿ.

ಮೊದಲ ಏಳು ದಿನ

ಇವತ್ತು ರಾತ್ರಿ ಹಳೇ ಪತ್ರಿಕೆ ಒಂದನ್ನು ತೆಗೆದು, ನಿಮಗೆ ಇಷ್ಟವಾದ ವಿಷಯದ ಹತ್ತು ಪ್ರಶ್ನೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಪತ್ರಿಕೆ ಟೇಬಲ್ಲಿನ ಮೇಲೇ ಇರಲಿ, ಮಂಚದ ಕೆಳಗೆ ಹೋಗುವುದು ಬೇಡ. ನಾಳೆ ಚಹಾ ಆದ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಬಿಡಿಸಿ. ನಾಡಿದ್ದು ಮುಚ್ಚಿ ಬಿಡಿಸಿ. ಮೂರನೇ ದಿನ 12 ನಿಮಿಷದ ಅಲಾರಂ ಇಡಿ. ನಾಲ್ಕನೇ ದಿನ ಕಾಲಮ್ಮು ಹಾಕಿ, ಆಮೇಲೆ ಅಂಕ. ಐದನೇ ದಿನ ನಿಮಗೆ ಕಷ್ಟವಾದ ವಿಷಯದ ಹತ್ತು ಪ್ರಶ್ನೆ, ಮತ್ತೆ ಪುಸ್ತಕ ತೆರೆದಿಟ್ಟು. ಆರನೇ ದಿನ ನಂಬುವಂಥ ಒಬ್ಬರಿಗೆ ಫೋನು ಮಾಡಿ ಎಷ್ಟು ಬರೆದೆ ಅಂತ ಹೇಳಿ.

ಏಳನೇ ದಿನ ಒಂದು ಗಂಟೆ, ಐವತ್ತು ಪ್ರಶ್ನೆ, ಉತ್ತರಕ್ಕೆ ವೃತ್ತ ತುಂಬುವ ಒಎಂಆರ್ ಹಾಳೆಯಲ್ಲಿ. ಮುಗಿದ ಮೇಲೆ ದಿನಾಂಕ ಹಾಕಿ ಫೈಲಿನಲ್ಲಿಡಿ. ಕೀ ಆನ್ಸರ್ ಆಗಲೇ ನೋಡಬೇಡಿ. ಮೊದಲು ಹೋಗಿ ಊಟ ಮಾಡಿ ಬನ್ನಿ.